ಹೆಸರು ಹೇಳುವ ಸರದಿ

“ಇವರ ಹೆಸರೇನಮ್ಮ?” ಎಂದು ಭವ್ಯಾ ಎದುರಿಗೆ ಕುಳಿತಿದ್ದ ಸಿದ್ದಬಸಪ್ಪನ ಕಡೆ ಕೈ ತೋರಿಸಿದಳು. ಲಕ್ಷ್ಮಕ್ಕ ಗಂಡನನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಆಂಧ್ರದ ಗಡಿಯೂರಿನವಳೆಂದು ತೆಲುಗಿನಲ್ಲಿ ಕೇಳಿದರೂ ಅಷ್ಟೇ.

ಲಕ್ವ ಹೊಡೆದು ಹೆಂಡತಿಯ ಮಾತು ಬಿದ್ದುಹೋದ ಮೇಲೆ ಸಿದ್ದಬಸಪ್ಪ ಅವಳನ್ನು ಡಿ. ಹಿರೇಹಾಳಿನಿಂದ ರಾಯದುರ್ಗಕ್ಕೆ, ಮಾತು ಕಲಿಸುವ ಈ ಭವ್ಯಾಳ ಹತ್ತಿರ ವಾರವಾರ ಕರೆತರುತ್ತಿದ್ದ. ಅವನ ಸಂಕಟ ಒಂದೇ: ಇವಳು ನನ್ನನ್ನೇ ಮರೆತುಬಿಟ್ಟಳೋ ಏನೋ. ಮನೆಯಲ್ಲಿ ನಾನ್ಯಾರು ಹೇಳು ಎಂದು ಕೇಳಿ ಕೇಳಿ ಸೋತಿದ್ದ. ಗಂಡನ ಹೆಸರನ್ನು ಬಾಯಿಗೆ ತರದ ಕಾಲದವಳು ಅವಳು. ಇದು ನಾಚಿಕೆಯೋ ಮರೆವೋ ತಿಳಿಯದೆ ಪಾಪ, ಅವನಿಗೆ ಅನ್ನವೇ ಇಳಿಯುತ್ತಿರಲಿಲ್ಲ.

ಭವ್ಯಾ ಒಂದು ಚಿತ್ರ ತೋರಿಸಿದಳು. ಲಕ್ಷ್ಮಕ್ಕ ಅದರ ಮೇಲೆ ಬೆರಳಾಡಿಸಿದಳಷ್ಟೇ. ಭವ್ಯಾ ಅದನ್ನು ಮುಚ್ಚಿ, “ಹಿಟ್ಟು, ಹಂಚು, ಒಲೆ” ಎಂದು ಮೆಲ್ಲಗೆ ಹೇಳಿ ಮತ್ತೆ ತೋರಿಸಿದಳು. “ರೊಟ್ಟಿ” ಎಂದಳು ಲಕ್ಷ್ಮಕ್ಕ, ತಡವರಿಸದೆ. ಮೊದಲು ಕಿವಿಗೆ ಬಿದ್ದ ಮಾತು ಒಳಗೆ ಮಲಗಿದ ನಂಟಿನ ಮಾತನ್ನು ಎಬ್ಬಿಸುತ್ತದೆ, ಮನೆಯಲ್ಲೂ ಹೀಗೇ ಮಾಡಿ ಎಂದು ಭವ್ಯಾ ತಿಳಿಹೇಳಿದಳು.

ಸಿದ್ದಬಸಪ್ಪ ಟವೆಲ್ ಹಿಂಡುತ್ತಾ ಕುಳಿತ. ತನ್ನ ಹೆಸರಿಗೆ ನಂಟಿನ ಮಾತು ಯಾವುದು? ಲಗ್ನದ ದಿನ ಅವನ ತಂಗಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರನ್ನು ಪ್ರಾಸ ಕೂಡಿಸಿ ಒಡಪು ಕಟ್ಟಿ ಹೇಳಿದರೇ ಒಳಗೆ ಎಂದು ಮದುಮಗಳನ್ನು ಕಾಡಿದ್ದರು. ಅವಳು ಅವನ ಹೆಸರು ಹೇಳಿದ್ದು ಅದೊಂದೇ ಸಲ. ಈಗ ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅರವತ್ತು ದಾಟಿದ ಗಂಡಸು ಹೆಣ್ಣುಮಕ್ಕಳ ಒಡಪು ಹೇಳುವುದೆಂದರೆ ಕಡಿಮೆ ಫಜೀತಿಯೇ!

“ಹಾಲಿಗೆ ಹಾಕಿದೆ ಹೆಪ್ಪ,” ಎಂದ. “ಮೊಸರು ಕಡದರ ತುಪ್ಪ...”

“ನನ್ನ ಮನಿ ದೊರಿ ಸಿದ್ದಬಸಪ್ಪ,” ಎಂದಳು ಲಕ್ಷ್ಮಕ್ಕ. ಹೇಳಿದವಳೇ ನಾಲಿಗೆ ಕಚ್ಚಿಕೊಂಡು, ಸ್ವಾಧೀನವಿದ್ದ ಒಂದೇ ಕೈಯಿಂದ ಸೆರಗನ್ನು ಮುಖಕ್ಕೆಳೆದುಕೊಂಡಳು.

ಅವನಿಗೆ ಹೋದ ಜೀವ ಬಂದಂತಾಯಿತು. ಈಗ ನೀವು ಅವರ ಹೆಸರು ಹೇಳಬೇಕಲ್ಲ ಯಜಮಾನ್ರೆ, ಎಂದು ಭವ್ಯಾ ಛೇಡಿಸಿದಳು. ಅವನೂ ಅಂದು ಹೊಸ್ತಿಲಲ್ಲಿ ಒಡಪು ಹೇಳಿದವನೇ. ಆಮೇಲೆ ಜೀವಮಾನವಿಡೀ ‘ಏ, ಬಾ ಇಲ್ಲಿ’ ಎಂದೇ ಕರೆದ ನಾಲಿಗೆ.

“ಒಡಪು ನೆನಪಿಗೇ ಬರವಲ್ದ್ರಿ ಮೇಡಂ,” ಎಂದ.

ಸೆರಗಿನೊಳಗಿಂದ ದನಿ ಬಂತು: “ಸಂತಿಗೆ... ಬೇಕು... ರೊಕ್ಕ...”

“ಮನಿಗೆ ಬೇಕು,” ಎಂದು ಸಿದ್ದಬಸಪ್ಪ ಅಳತೊಡಗಿದ, “ನಮ್ಮ ಲಕ್ಷ್ಮಕ್ಕ.”