ಸ್ವಂತ ವಾಕ್ಯ

"ಕೇಳೋ ಪರಮೂ, ಹುಡುಗಿ ಬಿ.ಎ. ಓದಿದಾಳಂತೆ. ಏನಾದ್ರೂ ಇಂಗ್ಲಿಷ್ ಕೇಳು," ಎಂದರು ಮೀನಾಕ್ಷಮ್ಮ, ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು.

ಮಗ ಪರಮಶಿವಯ್ಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. "ಸ್ಟೇರ್ ಅನ್ನೋ ಪದಕ್ಕೆ ಅರ್ಥ ಹೇಳಿ," ಎಂದ. ಅವನ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು.

ಅಕ್ಕನನ್ನು ನೋಡಲು ಬಂದಾಗ ತಂಗಿ ಎದುರಿಗೆ ಬರಬಾರದು. ಆದರೆ ಆವತ್ತು ಅಮ್ಮನಿಗೆ ಜ್ವರ, ಬಿ.ಎಸ್ಸಿ. ಓದುತ್ತಿದ್ದ ನೀಲಾಳೇ ತಿಂಡಿ, ನೀರು, ಕಾಫಿ ತಂದಿಡಬೇಕಾಯಿತು. ಮೂರನೆಯ ಸಲ ಬಂದಾಗ ಅವಳು ಸೆರಗನ್ನು ಎರಡೂ ಹೆಗಲ ತುಂಬ ಹೊದ್ದುಕೊಂಡಿದ್ದಳು. ಚಾಪೆಯ ಮೇಲೆ ಕೂತಿದ್ದ ಅಕ್ಕ ಸರ್ವಮಂಗಳಾ ಅದನ್ನು ಗಮನಿಸಿದಳು.

"ಲುಕ್ ಅಂದರೆ ಸುಮ್ಮನೆ ನೋಡೋದು. ಗೇಝ್ ಅಂದರೆ ಮೈಮರೆತು ನೋಡೋದು," ಎಂದಳು. "ಸ್ಟೇರ್ ಅಂದರೆ, ಎದುರಿನವರಿಗೆ ಮುಜುಗರ ಆಗ್ತಿದೆ ಅಂತ ಗೊತ್ತಿದ್ದೂ ಕಣ್ಣು ತೆಗೀದೆ ನೋಡೋದು."

"ಭೇಷ್. ಸ್ವಂತ ವಾಕ್ಯದಲ್ಲಿ ಬಳಸಿ. ಇಂಗ್ಲಿಷ್‌ನಲ್ಲೇ ಹೇಳಿ."

ಅವಳು ಒಂದೊಂದೇ ಪದ ಆರಿಸಿ ಹೇಳಿದಳು. ಪರಮಶಿವಯ್ಯನ ಕಾಫಿ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು, ಅರವತ್ತೆರಡನೇ ಇಸವಿಯಲ್ಲಿ ಜಯನಗರದಲ್ಲಿ ಮನೆ ಕಟ್ಟಿಸಿದ್ದ ಅಪ್ಪ ಏಕಾಂತಯ್ಯನವರಿಗೆ ಇಂಗ್ಲಿಷ್ ಬಾರದು. ಇದು ಐದನೆಯ ಗಂಡು. ಹಿಂದಿನ ನಾಲ್ಕೂ 'ಓದು ಜಾಸ್ತಿಯಾಯ್ತು' ಎಂದು ತಪ್ಪಿಹೋಗಿದ್ದವು. "ಏನಂದ್ಲು ಸ್ವಾಮಿ? ತಪ್ಪೇನೂ ಇಲ್ವಲ್ಲ?" ಎಂದು ಗಾಬರಿಯಾಗಿ ಕೇಳಿದರು.

"ಇಲ್ಲ. ವ್ಯಾಕರಣ ಸರಿಯಾಗಿದೆ."

"ಹಂಗಾದ್ರೆ ಪಾಸು!" ಮೀನಾಕ್ಷಮ್ಮ ನಕ್ಕರು. "ಎಲೆ ಅಡಿಕೆ ತನ್ನಿ, ಏಕಾಂತಯ್ಯನೋರೆ. ನಮಗೆ ಒಪ್ಪಿಗೆ."

ಏಕಾಂತಯ್ಯನವರ ಕಣ್ಣು ತುಂಬಿ ಬಂತು. ತಟ್ಟೆ ತರಲು ಎದ್ದರು. ಸರ್ವಮಂಗಳಾ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಸುಮ್ಮನಿದ್ದರೆ ಮದುವೆ. ಮದುವೆಯಾದರೆ ಈ ಮನುಷ್ಯ ಹಬ್ಬಹಬ್ಬಕ್ಕೂ ಈ ಮನೆಯ ಅಳಿಯ.

"ಅಪ್ಪಾ, ಈಗ ಹೇಳಿದ್ದನ್ನ ಕನ್ನಡದಲ್ಲೂ ಹೇಳ್ತೀನಿ, ಕೇಳಿ. ಬಂದಾಗಿನಿಂದ ಇವರು ನಮ್ಮ ನೀಲಾನ ದಿಟ್ಟಿಸ್ತಾನೇ ಇದ್ದಾರೆ. ನನ್ನ ಮುಖ ಒಂದ್ಸಲಾನೂ ನೋಡಿಲ್ಲ."

"ಮಂಗಳಾ! ಬಾಯಿ ಮುಚ್ಚು!" ಏಕಾಂತಯ್ಯನವರು ಅರ್ಧಕ್ಕೇ ತಿರುಗಿ ಬಂದರು. ಬೀಗಿತ್ತಿಯಾಗಬೇಕಾದವರಿಗೆ ಕೈ ಮುಗಿದರು. "ತಾಯೀ, ತಪ್ಪು ತಿಳೀಬೇಡಿ, ಓದಿದ ಹುಡುಗಿ, ಏನೋ ಅಂದ್ಬಿಟ್ಲು..."

"ನಾನ್ಯಾಕೆ ಹಾಗೆ..." ಪರಮಶಿವಯ್ಯ ನಗಲು ನೋಡಿದ.

ಮೀನಾಕ್ಷಮ್ಮನವರಿಗೆ ಕೋಪ ಬರಲಿಲ್ಲ. ಆಶ್ಚರ್ಯವೂ ಆದಂತೆ ಕಾಣಲಿಲ್ಲ. ಮಗನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

"ಇಲ್ಲೂನಾ, ಪರಮೂ?"