ಕಟ್ಟಿದ ಗಂಟಲು

ಗಂಗಾಂಬಿಕೆ ಟೀಚರ್ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಡಾಕ್ಟರು ಪರೀಕ್ಷಿಸಿ, "ಕೂಗಿ ಕೂಗಿ ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಂಟು ಬೆಳೆದಿದೆ. ಆಗಾಗ ನೀರು ಕುಡೀರಿ, ಮಾತು ಕಮ್ಮಿ ಮಾಡಿ. ಕೂಗೋದಂತೂ ಬೇಡವೇ ಬೇಡ" ಎಂದರು. ಈಗಿನ ಡಾಕ್ಟರುಗಳು ಬಾಯೊಳಗೇ ಮಾತಾಡುತ್ತಾರೆಂದು ಗೊಣಗಿ, ಗಂಡ ಗುರುಬಸಪ್ಪ ಅದನ್ನೇ ಎರಡು ಸಲ ಹೇಳಿಸಿಕೊಂಡ. ಕೆಲಸ ಬಿಡುತ್ತೇನೆಂದು ಅವಳು ಅಂದಾಗಲೆಲ್ಲ ಬೇಡವೆಂದವನು ಅವನೇ.

ಮರುದಿನ ನೆಟ್ಟಗೆ ಶಾಲೆಗೆ ಹೋದ.

"ನಿಮ್ಮ ಹುಡುಗ್ರಿಂದ ನನ್ನ ಹೆಂಡ್ತಿ ಗಂಟಲು ಹೋತು ಮೇಡಂ!"

"ಇಲ್ಲ ಸರ್, ಅವರು ಕ್ಲಾಸಲ್ಲಿ ದನಿ ಏರಿಸಿದ್ದೇ ಇಲ್ಲ" ಎಂದರು ಹೆಡ್‌ಮಿಸ್.

"ಏನಂದ್ರಿ?"

ಅವರು ಮೇಜು ಸುತ್ತಿ ಬಂದು, ಪಕ್ಕದಲ್ಲಿ ನಿಂತು, ಅದನ್ನೇ ಗಟ್ಟಿಯಾಗಿ ಕೂಗಿ ಹೇಳಿದರು.

"ಹಂಗಾದ್ರೆ ಮತ್ತೆಲ್ಲಿ ಕೂಗ್ತಾಳೆ?"

ಹೆಡ್‌ಮಿಸ್ ಕೆಮ್ಮುತ್ತ ನೀರಿನ ಬಾಟಲಿಗೆ ಕೈಹಾಕಿದರು. ಗುರುಬಸಪ್ಪ ಆ ಬಾಟಲಿಯನ್ನೇ ನೋಡುತ್ತ ನಿಂತ.

ಮನೆಗೆ ಬಂದವನೇ, ಮಗಳು ತಂದುಕೊಟ್ಟ ದಿನವೇ "ನಾನೇನು ಕಿವುಡನಾ?" ಎಂದು ಬೀರುವಿನೊಳಗೆ ಎಸೆದಿದ್ದ ಕಿವಿಯ ಮಿಷನ್ನನ್ನು ಹುಡುಕಿ ತೆಗೆದು ಹಾಕಿಕೊಂಡು, ಹೆಂಡತಿಯ ಮುಂದೆ ತಲೆ ತಗ್ಗಿಸಿ ಕೂತ.