ನಲವತ್ತು ಮನೆಯ ಬಿಂದಿಗೆ

ಮೇಲ್ವಿಚಾರಕರು ಎರಡು ಬೆರಳಿಟ್ಟು ಫೋಟೋ ಹಿಗ್ಗಿಸಿದರು. ಹನ್ನೊಂದನೇ ಮನೆ: ಬೋರಲು ಹಾಕಿದ ಅಲ್ಯೂಮಿನಿಯಂ ಬಿಂದಿಗೆ, ಹೊಟ್ಟೆಯ ಮೇಲೊಂದು ಸೊಟ್ಟ ತೇಪೆ. ಹನ್ನೆರಡನೇ ಮನೆ: ಅದೇ ಬಿಂದಿಗೆ. ಮೂವತ್ತೇಳನೇ ಮನೆಯಲ್ಲೂ ಅದೇ ತೇಪೆ ಅವರನ್ನು ನೋಡಿ ಹಲ್ಲು ಕಿರಿಯಿತು.

"ಸಿಕ್ಕಿಬಿದ್ದಳು," ಎಂದು ಮೇಜು ಕುಟ್ಟಿದರು.

ಡೆಂಗಿ ಜ್ವರದ ಮೇಲೆ ಕಣ್ಣಿಡಲು ಇಲಾಖೆ ಆರೋಗ್ಯ ಕಾರ್ಯಕರ್ತೆಯರ ಕೈಗೆ ಮೊಬೈಲು ಕೊಟ್ಟಿತ್ತು. ಶುಕ್ರವಾರ 'ಒಣ ದಿನ'. ಅಂದು ಪ್ರತಿ ಮನೆಯವರೂ ನೀರಿನ ಪಾತ್ರೆ ಬರಿದು ಮಾಡಿ, ಉಜ್ಜಿ, ಬೋರಲು ಹಾಕಬೇಕು. ಕಾರ್ಯಕರ್ತೆ ಅದರ ಫೋಟೋ ತೆಗೆದು, ಜ್ವರ ಬಂದವರೆಷ್ಟು ಎಂದು ಒತ್ತಿ ಕಳಿಸಬೇಕು. ಸುತ್ತಲಿನ ಬೀದಿಗಳೆಲ್ಲ ಕಂಬಳಿ ಹೊದ್ದು ನರಳುತ್ತಿದ್ದರೆ, ಈ ಒಂದು ಬೀದಿಯ ನಲವತ್ತು ಮನೆಗಳಿಂದ ಮೂರು ತಿಂಗಳಿಂದ ಬರುತ್ತಿದ್ದುದು ಬರೀ ಸೊನ್ನೆ. ಈಗ ಗುಟ್ಟು ತಿಳಿಯಿತು. ಜನರು 'ಸೊಳ್ಳೆಯಕ್ಕ' ಎಂದು ಕರೆಯುವ ಆ ಕಾರ್ಯಕರ್ತೆ ತನ್ನ ಮನೆಯಲ್ಲೇ ಕೂತು, ಒಂದೇ ಬಿಂದಿಗೆಗೆ ನಲವತ್ತು ಸಲ ಫೋಟೋ ಹೊಡೆಯುತ್ತಿದ್ದಾಳೆ!

ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಅಂದೇ ಸಿದ್ಧವಾಯಿತು. ಒಂಬತ್ತು ವರ್ಷದ ಕೆಲಸ. ಅದು ಹೋದರೆ ಅವಳ ಮನೆಯಲ್ಲಿ ಒಲೆ ಹೊತ್ತುವುದು ಕಷ್ಟ ಎಂಬುದು ಮೇಲ್ವಿಚಾರಕರಿಗೂ ಗೊತ್ತಿತ್ತು. ಆದರೂ ಸುಳ್ಳು ಸುಳ್ಳೇ ತಾನೆ?

ಸಂಜೆ ಮನೆಯಲ್ಲಿ ಹೆಂಡತಿಯ ಮುಂದೆ ಫೋನು ಹಿಡಿದರು. ಅವಳು ಫೋಟೋ ನೋಡಿದವಳೇ ಒಂದು ಸಲ ಕೆಮ್ಮಿದಳು.

"ಪಾಪ ರೀ. ಬಿಂದಿಗೆ ಯಾರದು ಅಂತ ಕೇಳಿದ್ರಾ?"

"ಅವಳದೇ. ಇನ್ಯಾರದು?"

"ಮೊದಲು ಅದನ್ನ ಪತ್ತೆ ಮಾಡಿ. ಆಮೇಲೆ ಸಹಿ ಹಾಕಿ."

ಇವಳಿಗೂ ಇಲಾಖೆಯ ಬುದ್ಧಿ ಬಂತಲ್ಲ ಎಂದು ಮೇಲ್ವಿಚಾರಕರಿಗೆ ಖುಷಿಯಾಯಿತು. ಅವಳು ಕೊಟ್ಟ ನೀರು ಕುಡಿದು, ಲೋಟವನ್ನು ಕೂತಲ್ಲೇ ಬಿಟ್ಟು ಎದ್ದರು.

ಶುಕ್ರವಾರ ಬೆಳಿಗ್ಗೆ ಹೇಳದೆ ಕೇಳದೆ ಆ ಬೀದಿಗೆ ಹೋದರು. ದೂರವೇನಲ್ಲ, ಅವರ ಮನೆಯ ಹಿಂದಿನದೇ ಬೀದಿ. ಸೊಳ್ಳೆಯಕ್ಕ ಕೈಯಲ್ಲಿ ಫೋನು, ಟಾರ್ಚು ಹಿಡಿದು ಮೊದಲ ಮನೆಯ ಮುಂದೆ ನಿಂತಿದ್ದಳು. ಬೇರೇನೂ ಹೊತ್ತಿರಲಿಲ್ಲ.

"ನಡಿಯಮ್ಮ, ಇವತ್ತು ನಾನೂ ಬರ್ತೀನಿ."

ಅವಳ ಮುಖ ಬಿಳಿಚಿಕೊಂಡಿತು. ಮೊದಲ ಮನೆಯ ಅಂಗಳದಲ್ಲಿ ತೇಪೆಯ ಬಿಂದಿಗೆ ಬೋರಲು ಬಿದ್ದಿತ್ತು. ಸರಿ, ಬಿಂದಿಗೆ ಈ ಮನೆಯದು ಎಂದುಕೊಂಡರು. ಎರಡನೇ ಮನೆಯಲ್ಲಿ ಒಬ್ಬ ಅಜ್ಜಿ ಬಾಗಿಲಿಗೆ ಅಡ್ಡ ಕೂತು ತನ್ನ ಮಂಡಿನೋವಿನ ಕಥೆಯನ್ನು ಆದಿಯಿಂದ ಶುರು ಮಾಡಿದಳು. ಕಥೆ ಮುಗಿಸಿ ಅಜ್ಜಿ ಪಕ್ಕಕ್ಕೆ ಸರಿದಾಗ, ಒಳಗೆ ಅದೇ ಬಿಂದಿಗೆ! ಮೇಲ್ವಿಚಾರಕರು ಕಣ್ಣುಜ್ಜಿಕೊಂಡರು. ಮೂರನೇ ಮನೆಯಲ್ಲಿ ಯಾರ ಕಥೆಗೂ ನಿಲ್ಲದೆ ನೇರ ಹಿತ್ತಿಲಿಗೆ ನುಗ್ಗಿದರು.

ಗೋಡೆಯಾಚೆಯಿಂದ ಎರಡು ಬಳೆಗೈಗಳು ಬಿಂದಿಗೆಯನ್ನು ಎತ್ತಿ ಕೊಡುತ್ತಿದ್ದವು. ಈಚೆಯಿಂದ ಎರಡು ಕೈಗಳು ಇಳಿಸಿಕೊಳ್ಳುತ್ತಿದ್ದವು.

"ಏನಿದು?" ಎಂದು ಗುಡುಗಿದರು.

ಇಳಿಸಿಕೊಂಡ ಹೆಂಗಸು ಹೆದರಲಿಲ್ಲ. "ನಲ್ಲೀಲಿ ನೀರು ಬರೋದು ಆರು ದಿನಕ್ಕೊಂದ್ಸಲ ಸಾಹೇಬ್ರೇ. ನಿಮ್ಮ ಫೋಟೋಗೆ ಅಂತ ಎಲ್ಲ ಚೆಲ್ಲಿ, ಆಮೇಲೆ ಫೋಟೋನೇ ಕುಡಿಯೋದಾ?"

ಅವಳ ಹಿಂದೆ ಸಾಲಾಗಿ ತುಂಬಿದ ಕೊಡಗಳು. ಪ್ರತಿಯೊಂದರ ಬಾಯಿಗೂ ಬಿಗಿಯಾಗಿ ಬಟ್ಟೆ ಕಟ್ಟಿತ್ತು.

"ನಾನೇ ಕಟ್ಟಿಸಿದ್ದು ಸಾರ್," ಸೊಳ್ಳೆಯಕ್ಕ ಮೆಲ್ಲಗೆ ಅಂದಳು. "ವಾರವಾರ ಬಟ್ಟೆ ಬಿಚ್ಚಿ, ಟಾರ್ಚು ಬಿಟ್ಟು ನೋಡ್ತೀನಿ. ಒಂದು ಮರಿ ಸೊಳ್ಳೆನೂ ಇಲ್ಲ. ಜ್ವರದ ಸೊನ್ನೆ ಸತ್ಯ ಸಾರ್. ಆದ್ರೆ ಬೋರಲು ಹಾಕಿಲ್ಲ ಅಂತ ಒತ್ತಿದ್ರೆ ನಿಮ್ಮ ಫೋನು ಮುಂದಿನ ಮನೆಗೆ ಹೋಗೋಕೇ ಬಿಡಲ್ಲ. ಇಡೀ ಬೀದೀಲಿ ಖಾಲಿ ಇರೋದು ಇದೊಂದೇ. ತಳ ತೂತು."

ಮೇಲ್ವಿಚಾರಕರು ಬಿಂದಿಗೆ ಎತ್ತಿ ನೋಡಿದರು. ತೂತಿನಿಂದ ಸೂರ್ಯ ಇಣುಕಿದ. ಒಂದು ಕ್ಷಣ ಮನಸ್ಸು ಮೆತ್ತಗಾಯಿತು. ಮರುಕ್ಷಣ ಕಚೇರಿ ನೆನಪಾಯಿತು.

"ಬಿಂದಿಗೆ ಯಾರದು?"

ಹೆಂಗಸರೆಲ್ಲ ಸೊಳ್ಳೆಯಕ್ಕನ ಕಡೆ ನೋಡಿದರು.

"ಹೆಸರು ಹೇಳಿದ್ರೆ ನಿನ್ನ ಕೆಲಸ ಉಳಿಯುತ್ತಮ್ಮ. ಯೋಚನೆ ಮಾಡು."

ಸೊಳ್ಳೆಯಕ್ಕ ನೆಲ ನೋಡಿದಳು. "ಹೇಳಲ್ಲ ಸಾರ್. ಕೆಲಸ ಹೋದ್ರೂ ಹೇಳಲ್ಲ. ಸುಮ್ಮನೆ ಒಂದು ಒಳ್ಳೇ ಸಂಸಾರದಲ್ಲಿ ಜಗಳ ಆಗುತ್ತೆ."

ಗೋಡೆಯ ಆಚೆಗೂ ಈಚೆಗೂ ಹೆಂಗಸರು ಮುಖ ತಿರುಗಿಸಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು. ಹೆದರಿ ಅಳುತ್ತಿದ್ದಾರೆ ಎಂದುಕೊಂಡರು ಮೇಲ್ವಿಚಾರಕರು.

ಸಾಕ್ಷಿಯನ್ನು ಅಲ್ಲೇ ಬಿಡುವಂತಿರಲಿಲ್ಲ. ಬಿಂದಿಗೆಯನ್ನು ಹೆಗಲಿಗೇರಿಸಿ ಹೊರಟರು. ಅಜ್ಜಿಯ ಕಥೆ ಕೇಳುವಷ್ಟರಲ್ಲೇ ಊಟದ ಹೊತ್ತಾಗಿತ್ತು, ಕಚೇರಿಗಿಂತ ಮನೆ ಹತ್ತಿರ. ದಾರಿಯುದ್ದಕ್ಕೂ ಬಾಗಿಲುಗಳ ಹಿಂದೆ ಆ ಅಳು ಜೋರಾಗುತ್ತಲೇ ಇತ್ತು.

"ಸಿಕ್ಕಿತು ನೋಡೇ!" ಹೊಸಿಲಲ್ಲೇ ಕೂಗಿದರು. "ನೀನು ಹೇಳಿದ್ದೇ ಸರಿ. ಇದರ ಒಡತಿ ಯಾರು ಅಂತ ಸಂಜೆಯೊಳಗೆ ಕಂಡುಹಿಡೀತೀನಿ. ಪತ್ರದಲ್ಲಿ ಮೊದಲ ಹೆಸರು ಅವಳದು. ಸೊಳ್ಳೆಯಕ್ಕನದು ಅವಳ ಕೆಳಗೆ."

ಹೆಂಡತಿ ಬಿಂದಿಗೆಯನ್ನು ಅವರ ಹೆಗಲಿನಿಂದ ಇಳಿಸಿಕೊಂಡು, ಹಿತ್ತಿಲಿಗೆ ಒಯ್ದು, ಅದರ ಬಾಯಿಯಷ್ಟೇ ಅಗಲದ ದುಂಡು ಕಲೆ ಕೂತಿದ್ದ ಕಲ್ಲಿನ ಮೇಲೆ ಬೋರಲು ಹಾಕಿದಳು.

"ಪತ್ರದಲ್ಲಿ ಇದನ್ನೂ ಸೇರಿಸಿ," ಎಂದಳು. "ಮದುವೆಯಾಗಿ ಹದಿನೆಂಟು ವರ್ಷಕ್ಕೆ ನಮ್ಮ ಮನೆ ಬಿಂದಿಗೇನ ನೀವು ಮುಟ್ಟಿದ್ದು ಇವತ್ತೇ ಮೊದಲು."